ನಗುವ ದೈವ: ಹಾಸ್ಯ ಚಿತ್ರಕಥೆಯಲ್ಲಿ ಧಾರ್ಮಿಕ ಪಾತ್ರಗಳ ನಿರ್ಮಿತಿ

ಧಾರ್ಮಿಕ ವಸ್ತುವನ್ನು ಹಾಸ್ಯಕ್ಕೆ ಅಳವಡಿಸುವ ಚಿತ್ರಕಥೆಕಾರ ಎದುರಿಸುವ ಮೊದಲ ತೊಡಕು ಪಾತ್ರಕ್ಕೆ ಸಂಬಂಧಿಸಿದ್ದು. ಕಲ್ಪಿತ ವ್ಯಕ್ತಿಯ ಮುಖ, ಉಡುಪು, ನಡೆನುಡಿಗಳನ್ನು ಆತ ತನ್ನ ಇಚ್ಛೆಯಂತೆ ರೂಪಿಸಬಲ್ಲ. ಆದರೆ ಬುದ್ಧನಾಗಲಿ ಯೇಸುವಾಗಲಿ ಓದುಗನ ಮನಸ್ಸಿನಲ್ಲಿ ಮೊದಲೇ ಪ್ರತಿಷ್ಠಿತರಾದವರು. ಆ ರೂಪವನ್ನು ಕೆಡಿಸಿದರೆ ಭಕ್ತನಿಗೆ ನೋವು. ಹಾಗೆಯೇ ಉಳಿಸಿದರೆ ನಗುವಿಗೆ ಎಡೆಯಿಲ್ಲ. ಈ ಇಕ್ಕಟ್ಟಿನಿಂದ ಪಾರಾಗುವ ಬಗೆಯನ್ನು ತಿಳಿಯಲು ಜಪಾನಿನ ಹಿಕಾರು ನಾಕಾಮುರಾ ಅವರ 'ಸೇಂಟ್ ಒನೀಸಾನ್' ಎಂಬ ಚಿತ್ರಕಥೆ ಉತ್ತಮ ನಿದರ್ಶನವಾಗಿದೆ.

ಈ ಕೃತಿ 2006ರಲ್ಲಿ ಕೊಡಾನ್ಶಾ ಸಂಸ್ಥೆಯ 'ಮಾರ್ನಿಂಗ್ ಟೂ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಯಿತು. 2009ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಕಿರುಕೃತಿ ವಿಭಾಗದ ಮನ್ನಣೆ ಪಡೆಯಿತು, 2013ರಲ್ಲಿ ಚಲನಚಿತ್ರವಾಯಿತು. ಇದರ ಕಥಾಹಂದರ ಸರಳವಾದುದು. ಲೋಕಕಾರ್ಯದಿಂದ ದಣಿದ ಬುದ್ಧ ಮತ್ತು ಯೇಸು ರಜೆಯ ಮೇಲೆ ಭೂಮಿಗಿಳಿದು, ಟೋಕಿಯೋದ ಪಶ್ಚಿಮ ಭಾಗದ ತಾಚಿಕಾವಾದಲ್ಲಿ ಚಿಕ್ಕ ಬಾಡಿಗೆ ಮನೆಯೊಂದನ್ನು ಹಂಚಿಕೊಂಡು ಬದುಕುತ್ತಾರೆ.

ಹಾಸ್ಯರಸಕ್ಕೆ ವಿಕೃತವಾದ ವೇಷ, ಅಲಂಕಾರ, ಮಾತುಗಳು ಕಾರಣವೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಇಲ್ಲಿ 'ವಿಕೃತ' ಎಂಬುದನ್ನು ಕುರೂಪವೆಂದು ಮಾತ್ರ ಅರ್ಥೈಸಬೇಕಾಗಿಲ್ಲ. ದೇಶಕಾಲಗಳಿಗೆ ಹೊಂದದ ವೇಷವೂ ವಿಕೃತವೇ. ನಾಕಾಮುರಾ ಅನುಸರಿಸಿದ್ದು ಈ ಎರಡನೆಯ ದಾರಿಯನ್ನು. ಬುದ್ಧನ ಗುಂಗುರು ಕೇಶ, ನೀಳವಾದ ಕಿವಿ, ಹಣೆಯ ಊರ್ಣ. ಯೇಸುವಿನ ಉದ್ದನೆಯ ಕೂದಲು, ಗಡ್ಡ, ಮುಳ್ಳಿನ ಕಿರೀಟ ಇವು ಯಾವುದೂ ಬದಲಾಗಿಲ್ಲ. ಬದಲಾಗಿರುವುದು ಉಡುಪು ಮತ್ತು ಪರಿಸರ. ಮಹಾಪುರುಷನ 32 ಲಕ್ಷಣಗಳಲ್ಲಿ ಒಂದಾದ ಊರ್ಣವನ್ನು ಬೀದಿಯ ಮಕ್ಕಳು ಗುಂಡಿಯೆಂದು ಭಾವಿಸಿ ಒತ್ತಲು ಹವಣಿಸುತ್ತಾರೆ. ಲಕ್ಷಣ ಅದೇ, ನೋಡುವ ಕಣ್ಣು ಬೇರೆ. ನಗು ಹುಟ್ಟುವುದು ಈ ಅಂತರದಲ್ಲಿ.

ರೂಪದಂತೆಯೇ ಸ್ವಭಾವದ ನಿರ್ಮಿತಿಯಲ್ಲಿಯೂ ಎಚ್ಚರವಿದೆ. ಬುದ್ಧ ಜಿಪುಣತನಕ್ಕೆ ಸಮೀಪವಾದ ಮಿತವ್ಯಯಿ. ಯೇಸು ಕಂಡದ್ದನ್ನೆಲ್ಲ ಕೊಳ್ಳುವ ಉತ್ಸಾಹಿ, ಬ್ಲಾಗ್ ಬರೆಯುವವನು. ಅಪರಿಗ್ರಹ ಮತ್ತು ಅಪಾರ ಪ್ರೀತಿ ಎಂಬ ಮೂಲಗುಣಗಳೇ ಇಲ್ಲಿ ಮನೆವಾರ್ತೆಯ ಮಟ್ಟಕ್ಕೆ ಇಳಿದು ದೌರ್ಬಲ್ಯಗಳಂತೆ ತೋರುತ್ತವೆ. ಪವಾಡಗಳೂ ಹಾಗೆಯೇ. ಭಾವೋದ್ವೇಗವಾದಾಗ ಬುದ್ಧನ ದೇಹ ಬೆಳಕು ಸೂಸುತ್ತದೆ. ಯೇಸುವಿನ ಸಂತೋಷ ಮುಳ್ಳಿನ ಕಿರೀಟದಲ್ಲಿ ಗುಲಾಬಿಯಾಗಿ ಅರಳುತ್ತದೆ. ಜಗತ್ತನ್ನು ಬೆರಗುಗೊಳಿಸಿದ ಮಹಿಮೆ ನೆರೆಹೊರೆಯವರಿಂದ ಮುಚ್ಚಿಡಬೇಕಾದ ಮುಜುಗರವಾಗುತ್ತದೆ.

ಪೋಷಕ ಪಾತ್ರಗಳು ಈ ತಂತ್ರಕ್ಕೆ ಒತ್ತಾಸೆಯಾಗಿವೆ. ಧರ್ಮೋಪದೇಶ ಮಾಡಬೇಕೆಂದು ಬುದ್ಧನನ್ನು ಬ್ರಹ್ಮನು ಪ್ರಾರ್ಥಿಸಿದನೆಂಬುದು ಬೌದ್ಧ ಪರಂಪರೆಯ ಪ್ರಸಿದ್ಧ ಪ್ರಸಂಗ. ಚಿತ್ರಕಥೆಯಲ್ಲಿ ಅದೇ ಬ್ರಹ್ಮ ಬುದ್ಧನಿಂದ ಚಿತ್ರಕಥೆ ಬರೆಸಲು ಬೆನ್ನುಹತ್ತುವ ಸಂಪಾದಕನಾಗಿದ್ದಾನೆ. ಮತ್ತೊಂದೆಡೆ ತಂದೆ, ಶಿಕ್ಷೆ, ಮೂರನೆಯ ದಿನ ಮರಳಿದ್ದು ಎಂಬ ಯೇಸುವಿನ ಮಾತುಗಳನ್ನು ಕೇಳಿದ ಭೂಗತಲೋಕದ ವ್ಯಕ್ತಿಯೊಬ್ಬ, ಆತನನ್ನು ಪ್ರಬಲ ತಂಡವೊಂದರ ನಾಯಕನ ಮಗನೆಂದು ತಿಳಿದು ಗೌರವಿಸುತ್ತಾನೆ. ಯೇಸು ಆಡಿದ ಮಾತಿನಲ್ಲಿ ಸುಳ್ಳಿಲ್ಲ, ಅಪಚಾರವೂ ಇಲ್ಲ. ತಪ್ಪು ಕೇಳಿದವನದು. ಆದ್ದರಿಂದ ನಗೆಯ ಗುರಿಯೂ ಅವನೇ.

ಇಂತಹ ಹಾಸ್ಯಕ್ಕೆ ಜಪಾನಿನಲ್ಲಿ ಹಳೆಯ ಬೇರುಗಳಿವೆ. ಕ್ಯೋಟೋದ ಕೊಜಾನ್-ಜಿ ದೇವಾಲಯಕ್ಕೆ ಸೇರಿದ, 12-13ನೆಯ ಶತಮಾನದ 'ಚೋಜು-ಗಿಗಾ' ಚಿತ್ರಸುರುಳಿಯಲ್ಲಿ ಕಪ್ಪೆಯೊಂದು ಬುದ್ಧವಿಗ್ರಹದ ಸ್ಥಾನದಲ್ಲಿ ಕುಳಿತಿದ್ದರೆ, ಮಂಗವೊಂದು ಅರ್ಚಕನಾಗಿ ಅದರ ಮುಂದೆ ಪಠಿಸುತ್ತದೆ. ಅಲ್ಲಿ ಪ್ರಾಣಿಗಳು ದೈವದ ವೇಷ ತೊಟ್ಟರೆ, ಇಲ್ಲಿ ದೈವವೇ ಸಾಮಾನ್ಯರ ವೇಷ ತೊಟ್ಟಿದೆ.

ಕನ್ನಡದ ಓದುಗರಿಗೆ ಈ ವ್ಯತ್ಯಾಸ ಅಪರಿಚಿತವಲ್ಲ. ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತಗಳ ಗಂಭೀರ ಪಾತ್ರಗಳ ಪಕ್ಕದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸುತ್ತಾರೆ. ನಗೆಯ ಹೊಣೆ ವಿದೂಷಕನದು; ದೈವದ ಗಾಂಭೀರ್ಯಕ್ಕೆ ಭಂಗವಿಲ್ಲ. ಹರಿದಾಸರ ನಿಂದಾಸ್ತುತಿಗಳಲ್ಲಾದರೋ ದೈವವೇ ಛೇಡಿಕೆಗೆ ಗುರಿಯಾಗುತ್ತದೆ. ಅದಕ್ಕೆ ಅಧಿಕಾರ ದೊರೆಯುವುದು ಭಕ್ತನ ಸಲುಗೆಯಿಂದ. ನಾಕಾಮುರಾ ಅವರ ಕೃತಿ ಎರಡನೆಯದಕ್ಕೆ ಹತ್ತಿರವಾದರೂ ಅಲ್ಲಿ ಭಕ್ತನಿಲ್ಲ. ಭಕ್ತಿಯ ಸ್ಥಾನದಲ್ಲಿ ಇಬ್ಬರು ಗೆಳೆಯರ ಸ್ನೇಹವಿದೆ. ಆ ಸ್ನೇಹದ ಸಲುಗೆಯೇ ನಗುವಿಗೆ ಅನುಮತಿ ನೀಡುತ್ತದೆ. ಭರತನು ಹೇಳುವ ಆರು ಬಗೆಯ ಹಾಸದಲ್ಲಿ ಇದು ಉತ್ತಮವೆನಿಸಿದ ಸ್ಮಿತ, ಹಸಿತಗಳ ಸೀಮೆಯನ್ನು ಮೀರುವುದು ವಿರಳ.

ಈ ಸಂಯಮಕ್ಕೆ ಒಂದು ಬೆಲೆಯೂ ಇದೆ. ಧರ್ಮದ ಹೆಸರಿನ ಅಧಿಕಾರ, ಡಂಭಾಚಾರ, ಹಿಂಸೆಗಳತ್ತ ಈ ಹಾಸ್ಯ ತಿರುಗುವುದಿಲ್ಲ. ವಚನಕಾರರ ವ್ಯಂಗ್ಯದಲ್ಲಿರುವ ಸುಡುವ ಗುಣ ಇದರಲ್ಲಿಲ್ಲ. ಅಲ್ಲದೆ ಕ್ರೈಸ್ತರು ಜನಸಂಖ್ಯೆಯ ಶೇಕಡ 1ರಷ್ಟಿರುವ ಸಮಾಜದಲ್ಲಿ ಯೇಸುವನ್ನು ಕುರಿತು ನಗುವುದಕ್ಕೂ, ನಂಬಿಕೆಯೇ ಬದುಕಾಗಿರುವ ನೆರೆಯವನ ಎದುರು ನಗುವುದಕ್ಕೂ ಅಂತರವಿದೆ. ಹೀಗಾಗಿ ಈ ಮಾದರಿಯನ್ನು ಬೇರೆ ನೆಲಕ್ಕೆ ಹಾಗೆಯೇ ಕೊಂಡೊಯ್ಯಲಾಗದು.

ಆದರೂ ಪಾತ್ರನಿರ್ಮಿತಿಯ ದೃಷ್ಟಿಯಿಂದ ಇಲ್ಲಿ ಗ್ರಹಿಸಬೇಕಾದ ತತ್ತ್ವವೊಂದಿದೆ. ಲಕ್ಷಣವನ್ನು ಕೆಡಿಸದೆ ಸನ್ನಿವೇಶವನ್ನು ಬದಲಿಸುವುದು, ಮೂಲಗುಣವನ್ನು ಅಲ್ಲಗಳೆಯದೆ ಅದನ್ನು ದಿನಬಳಕೆಗೆ ಇಳಿಸುವುದು, ನಗೆಯ ಗುರಿಯನ್ನು ಪೂಜ್ಯನಿಂದ ನೋಡುಗನತ್ತ ತಿರುಗಿಸುವುದು: ಇವು ಔಚಿತ್ಯದ ಮೂರು ನೆಲೆಗಳು. ಬಾಡಿಗೆ ಹೊಂದಿಸಲು ಕಾಸು ಎಣಿಸುವ ಬುದ್ಧನಲ್ಲಿ ಕರುಣೆ ಕಡಿಮೆಯಾಗಿಲ್ಲ. ಮನಬಂದಂತೆ ಕೊಳ್ಳುವ ಯೇಸುವಿನಲ್ಲಿ ಕ್ಷಮೆ ಬತ್ತಿಲ್ಲ. ಅವು ಉಳಿದಿರುವವರೆಗೆ ನಗು ಅವಹೇಳನವಾಗುವುದಿಲ್ಲ.