ಹೊಳೆ ಮರಳಿನ ಹೆಜ್ಜೆ ಯಾರದು?

ಹರಿಹರ: ಬೇಸಿಗೆಯಲ್ಲಿ ತುಂಗಭದ್ರೆಯ ನೀರು ಇಳಿದು ಮರಳದಿಬ್ಬ ತೆರೆದುಕೊಂಡಾಗ ಅಪರಿಚಿತ ಹೆಜ್ಜೆಗುರುತು ಕಂಡರೆ, ‘ಚಿರತೆ ಬಂದಿದೆ’ ಎಂಬ ಸುದ್ದಿ ದಾವಣಗೆರೆಯವರೆಗೂ ಹಬ್ಬಬಹುದು. ಭಯಪಡುವ ಮುನ್ನ ಬೆರಳು ಎಣಿಸಬೇಕು.

ನಾಲ್ಕು ಬೆರಳಿದ್ದು ಉಗುರಿನ ಗುರುತೂ ಇದ್ದರೆ ಅದು ಸಾಮಾನ್ಯವಾಗಿ ನಾಯಿ ಅಥವಾ ನರಿ. ನಡೆಯುವಾಗ ಚಿರತೆ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದರ ದುಂಡನೆಯ ಹೆಜ್ಜೆಯಲ್ಲಿ ಉಗುರು ಮೂಡದು. ಐದು ಬೆರಳು, ಸಮೀಪದಲ್ಲೇ ಮೀನಿನ ಮುಳ್ಳು ತುಂಬಿದ ಹಿಕ್ಕೆ ಕಂಡರೆ ನೀರುನಾಯಿ. ಎರಡು ಸಾಲು ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಸಣ್ಣದಾಗಿದ್ದರೆ ಉಡ, ಅಗಲವಾಗಿದ್ದರೆ ಮೊಸಳೆಯಿರಬಹುದು, ಅಲ್ಲಿ ನೀರಿಗಿಳಿಯಬಾರದು.

ಇದೇ ನದಿಯ ಕೆಳಹರಿವಿನಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಪ್ರದೇಶವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಗುರುತು ಅಳಿಯುವ ಮುನ್ನ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸುವುದು ಒಳಿತು.