ಕಾಲುಬಾಯಿ ಜ್ವರದ ಲಸಿಕೆ: ಬಾಟಲಿಯೊಳಗೆ ಏನಿದೆ?



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಲಸಿಕೆ ಹಾಕಲು ಹೋದಾಗ ಎರಡು ಮಾತು ಕೇಳಿಬರುತ್ತದೆ. "ಹಾಲು ಇಳಿಯುತ್ತೆ, ಈ ಸಲ ಬೇಡಿ ಸಾರ್" ಎಂಬುದು ಒಂದು. "ಬಾಟಲಿ ಕೊಟ್ಟು ಹೋಗಿ, ಸಂಜೆ ಹಾಕಿಸ್ಕೋತೀವಿ" ಎಂಬುದು ಇನ್ನೊಂದು. ಲಸಿಕೆ ತಯಾರಾಗುವ ಬಗೆ ತಿಳಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಕಾಲುಬಾಯಿ ಜ್ವರಕ್ಕೆ ಕಾರಣ ಒಂದು ವೈರಾಣು. ಅದರ ಹೊರಮೈ ಸಸಾರಜನಕದಿಂದಾದ ಚಿಪ್ಪು. ಹಸುವಿನ ದೇಹ ಈ ಚಿಪ್ಪನ್ನು ಗುರುತು ಹಿಡಿದು ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತದೆ. ರೋಗ ತರಲಾರದ, ಆದರೆ ಚಿಪ್ಪು ಇಡಿಯಾಗಿರುವ ವೈರಾಣುವೇ ಲಸಿಕೆ.

ವೈರಾಣು ಜೀವಕೋಶದೊಳಗೆ ಮಾತ್ರ ಬೆಳೆಯುತ್ತದೆ. ಹಿಂದೆ ಹಾಲೆಂಡಿನಲ್ಲಿ ಕಸಾಯಿಖಾನೆಯಿಂದ ತಂದ ದನದ ನಾಲಿಗೆಯ ಮೇಲ್ಪದರದಲ್ಲಿ ಅದನ್ನು ಬೆಳೆಸುತ್ತಿದ್ದರು. 1961ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹ್ಯಾಮ್ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯ ಮೂತ್ರಪಿಂಡದಿಂದ ಬಿ.ಎಚ್.ಕೆ.-21 ಎಂಬ ಜೀವಕೋಶಗಳನ್ನು ಬೆಳೆಸಿದರು. ಇಂದಿನ ಲಸಿಕೆಗೆ ಇವೇ ಆಧಾರ. ನಮಗೆ ಹತ್ತಿರದ ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಈ ಲಸಿಕೆಯ ಕೆಲಸ ದಶಕಗಳಿಂದ ನಡೆದುಬಂದಿದೆ.

ಪ್ರಯೋಗಾಲಯಗಳಲ್ಲಿ ಜೀವಕೋಶದೊಳಗಿನ ಸಸಾರಜನಕ ತೆಗೆಯಲು ಸಾಮಾನ್ಯವಾಗಿ ಕೋಶವನ್ನು ಧ್ವನಿತರಂಗದಿಂದಲೋ ಸಾಬೂನಿನಂಥ ದ್ರವ್ಯದಿಂದಲೋ ಒಡೆಯಬೇಕಾಗುತ್ತದೆ. ಇಲ್ಲಿ ವೈರಾಣುವೇ ಆ ಕೆಲಸ ಮಾಡುತ್ತದೆ. ತೊಟ್ಟಿಯಲ್ಲಿ ಬೆಳೆದ ಕೋಶಗಳಿಗೆ ವೈರಾಣು ಬಿಟ್ಟರೆ ಸುಮಾರು ಒಂದು ದಿನದಲ್ಲಿ ಕೋಶಗಳು ಒಡೆದು ಹೊಸ ವೈರಾಣುಗಳು ದ್ರವಕ್ಕೆ ಬರುತ್ತವೆ. ಕೋಶದ ಚೂರುಗಳನ್ನು ಸೋಸಿ, ಇಲ್ಲವೇ ಹಾಲಿನಿಂದ ಕೆನೆ ಬೇರ್ಪಡಿಸುವಂತೆ ಯಂತ್ರದಲ್ಲಿ ತಿರುಗಿಸಿ ತೆಗೆಯುತ್ತಾರೆ. ರಾಸಾಯನಿಕದಿಂದ ವೈರಾಣುವನ್ನು ನಿಷ್ಕ್ರಿಯಗೊಳಿಸಿ, ಸಾಂದ್ರಗೊಳಿಸಿ, ಶುದ್ಧೀಕರಿಸುತ್ತಾರೆ. ಕೊನೆಗೆ ಎಣ್ಣೆಯೊಡನೆ ಬೆರೆಸುತ್ತಾರೆ. ನಮ್ಮ ದೇಶದ ಲಸಿಕೆಯಲ್ಲಿ ಓ, ಎ ಮತ್ತು ಏಷಿಯಾ-1 ಎಂಬ ಮೂರು ಬಗೆ ಇರುತ್ತವೆ.

ಈ ಶುದ್ಧೀಕರಣದಿಂದ ಇನ್ನೊಂದು ಲಾಭವುಂಟು. ವೈರಾಣು ಬೆಳೆಯುವಾಗ ಮಾತ್ರ ಕೋಶದಲ್ಲಿ ಹುಟ್ಟುವ ಬೇರೆ ಸಸಾರಜನಕಗಳು ಆಗ ಹೊರಹೋಗುತ್ತವೆ. ಹೀಗಾಗಿ ಹಸುವಿಗೆ ರೋಗ ಬಂದಿತ್ತೋ ಅಥವಾ ಲಸಿಕೆ ಮಾತ್ರ ಹಾಕಿದ್ದೋ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ. ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ. ಕೆಲವು ಹಸುಗಳಲ್ಲಿ ಸಣ್ಣ ಜ್ವರ ಬಂದು ಒಂದೆರಡು ದಿನ ಹಾಲು ತುಸು ಇಳಿಯಬಹುದು, ಮತ್ತೆ ಏರುತ್ತದೆ. ರೋಗವೇ ಬಂದರೆ ಹಾಲು ಬತ್ತುತ್ತದೆ, ಕೆಚ್ಚಲು ಬಾವು, ಏದುಸಿರು, ಗರ್ಭಪಾತ ಜೊತೆಗೆ ಬರಬಹುದು. 2013ರಲ್ಲಿ ರಾಜ್ಯದಲ್ಲಿ ಸಾವಿರಾರು ದನಗಳು ಸತ್ತದ್ದನ್ನು ಮರೆಯಬಾರದು.

ಬಾಟಲಿಯನ್ನು ಸಂಜೆಯವರೆಗೆ ಇಟ್ಟುಕೊಳ್ಳುವುದಂತೂ ಬೇಡ. ಬಿಸಿ ತಗುಲಿದರೆ ಚಿಪ್ಪು 12 ತುಂಡಾಗಿ ಬಿಚ್ಚಿಕೊಳ್ಳುತ್ತದೆ. ನೋಡಲು ಲಸಿಕೆ ಹಾಗೇ ಇರುತ್ತದೆ, ಗುಣ ಮಾತ್ರ ಹೋಗಿರುತ್ತದೆ. ಮಂಜುಗಡ್ಡೆಯಾದರೂ ಕೆಡುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು.

ನೆನಪಿಡಿ:
1. ಲಸಿಕೆ ಹಾಕುವವರು ಬಂದ ಹೊತ್ತಿಗೆ ರಾಸುಗಳನ್ನು ಕಟ್ಟಿಹಾಕಿ ಸಿದ್ಧವಾಗಿಡಿ. ಐಸ್ ಪೆಟ್ಟಿಗೆ ಇದೆಯೇ ಎಂದು ನೀವೇ ನೋಡಿ.
2. ಕರುವಿಗೆ 4 ತಿಂಗಳು ತುಂಬಿದಾಗ ಮೊದಲ ಲಸಿಕೆ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ 6 ತಿಂಗಳಿಗೊಮ್ಮೆ.
3. ರಾಸು ತುಂಬುಗಬ್ಬವಿದ್ದರೆ, ಕಾಯಿಲೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಒಂದು ಕೊಟ್ಟಿಗೆ ಬಿಟ್ಟುಹೋದರೆ ರೋಗ ಇಡೀ ಊರಿಗೆ ಅಲ್ಲಿಂದಲೇ ಹರಡಬಹುದು. ಎಲ್ಲ ಸದಸ್ಯರೂ ಒಟ್ಟಿಗೆ ಹಾಕಿಸಿ.