ಮೊಬೈಲ್ ಒಳಗಿಡಿ, ಪ್ರಿಂಟ್ ಕೀ ಒತ್ತಿ: ಲಿನಕ್ಸ್‌ನಲ್ಲಿ ಸ್ಕ್ರೀನ್‌ಶಾಟ್

ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪ್ ನೋಡಬೇಕು. ಟರ್ಮಿನಲ್ ಔಟ್‌ಪುಟ್‌ಗೆ ಮೊಬೈಲ್‌ನಲ್ಲಿ ಹೊಡೆದ ಫೋಟೋಗಳೇ ತುಂಬಿರ್ತವೆ. ಪರದೆ ತುಂಬಾ ಗೆರೆಗೆರೆ, ನಡುವೆ ಟ್ಯೂಬ್‌ಲೈಟ್ ಹೊಳಪು. ಕಳೆದ ಸೆಮಿಸ್ಟರ್‌ನಲ್ಲಿ ನಾವೂ ಅಂಥದ್ದನ್ನೇ ಪ್ರಿಂಟ್ ತೆಗೆಸಿ ಅಂಟಿಸಿದ್ದೆವು. "ಇದರಲ್ಲಿ ಸೊನ್ನೆ ಯಾವುದು, ಎಂಟು ಯಾವುದು, ನೀವೇ ಓದಿ" ಅಂತ ಮೇಡಂ ವಾಪಸ್ ಕೊಟ್ಟರು. ನಮಗೂ ಓದಕ್ಕಾಗಲಿಲ್ಲ! ಅಷ್ಟೂ ಪ್ರೋಗ್ರಾಂಗಳನ್ನು ಮತ್ತೆ ರನ್ ಮಾಡಿದೆವು. ನಿಮಗೆ ಆ ಗತಿ ಬರಬಾರದು ಅಂತ ಈ ಲೇಖನ.

ಮೂರು ಕೀಲಿಗಳು

ಉಬುಂಟು 22.04 ಅಥವಾ ಅದರ ನಂತರದ್ದಿದ್ದರೆ ಪ್ರಿಂಟ್ ಸ್ಕ್ರೀನ್ ಕೀ ಒತ್ತಿ. ಬೇಕಾದ ಭಾಗ, ಇಡೀ ಪರದೆ, ಒಂದೇ ವಿಂಡೋ ಅಂತ ಮೂರು ಆಯ್ಕೆಗಳು ಬರುತ್ತವೆ. ಶಿಫ್ಟ್ ಜೊತೆ ಒತ್ತಿದರೆ ಏನೂ ಕೇಳದೆ ಇಡೀ ಪರದೆ, ಆಲ್ಟ್ ಜೊತೆ ಒತ್ತಿದರೆ ಆಗ ಬಳಸುತ್ತಿರುವ ವಿಂಡೋ ಮಾತ್ರ. ಚಿತ್ರ ಪಿಕ್ಚರ್ಸ್ ಫೋಲ್ಡರ್ ಒಳಗಿನ ಸ್ಕ್ರೀನ್‌ಶಾಟ್ಸ್‌ನಲ್ಲಿ ಉಳಿಯುತ್ತದೆ. ಕ್ಲಿಪ್‌ಬೋರ್ಡ್‌ಗೂ ಹೋಗಿರುತ್ತದೆ, ನೇರವಾಗಿ ರಿಪೋರ್ಟ್‌ಗೆ ಪೇಸ್ಟ್ ಮಾಡಬಹುದು.

ಲ್ಯಾಬ್‌ನಲ್ಲಿ ಇನ್ನೂ 20.04 ಇದ್ದರೆ ಹುಷಾರು. ಅಲ್ಲಿ ಶಿಫ್ಟ್ ಜೊತೆ ಒತ್ತಿದರೆ ಬೇಕಾದ ಭಾಗ ಆರಿಸುವ ಗುರುತು ಬರುತ್ತದೆ. ಬರೀ ಪ್ರಿಂಟ್ ಕೀ ಒತ್ತಿದರೆ ಇಡೀ ಪರದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಒಟ್ಟಿಗೆ ಹಿಡಿಯಬೇಕು. ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್ ಹಾಕಿಕೊಂಡವರು ಬಲಗಡೆಯ ಕಂಟ್ರೋಲ್ ಹಿಡಿದು ಇ ಒತ್ತಿದರೆ ಸಾಕು.

ಕೆಡಿಇ ಬಳಸುವವರಿಗೆ ಸ್ಪೆಕ್ಟಕಲ್ ಇದೆ, ಎಕ್ಸ್‌ಎಫ್‌ಸಿಇಗೆ ಅದರದೇ ಸ್ಕ್ರೀನ್‌ಶೂಟರ್ ಇದೆ. ಎರಡರಲ್ಲೂ ಕೆಲವು ಸೆಕೆಂಡ್ ತಡ ಮಾಡಿ ಕ್ಲಿಕ್ಕಿಸುವ ಸೌಲಭ್ಯ ಉಂಟು. ತೆರೆದ ಮೆನುವಿನ ಚಿತ್ರ ಬೇಕಾದಾಗ ಇದು ಉಪಯೋಗಕ್ಕೆ ಬರುತ್ತೆ.

ಪರದೆ ಕಪ್ಪಾಗಿ ಬಂತಾ?

ಹಳೇ ಬ್ಲಾಗ್ ನೋಡಿ ಸ್ಕ್ರಾಟ್‌ನಂಥ ಟೂಲ್ ಹಾಕಿದರೆ ಬರೀ ಕಪ್ಪು ಚಿತ್ರ ಬರಬಹುದು. ಟೂಲ್ ಕೆಟ್ಟಿದೆ ಅಂದ್ಕೋಬೇಡಿ. ಅದು 1987ರಲ್ಲಿ ಬಂದ ಎಕ್ಸ್11 ವ್ಯವಸ್ಥೆಗೆ ಬರೆದದ್ದು. ಎಕ್ಸ್11ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇಡೀ ಪರದೆಯನ್ನು ಓದಬಹುದು. ನಿಮ್ಮ ಬ್ಯಾಂಕ್ ಪುಟವನ್ನೂ ಸೇರಿಸಿ! ಈಗಿನ ವೇಲ್ಯಾಂಡ್‌ನಲ್ಲಿ ಹಾಗಿಲ್ಲ. ಒಂದು ಪ್ರೋಗ್ರಾಂಗೆ ಇನ್ನೊಂದರ ವಿಂಡೋ ಕಾಣುವುದೇ ಇಲ್ಲ. ಎಲ್ಲವನ್ನೂ ಜೋಡಿಸಿ ಪರದೆಗೆ ಕಳಿಸುವ ಕಂಪೋಸಿಟರ್‌ಗೆ ಮಾತ್ರ ಪೂರ್ತಿ ಚಿತ್ರ ಗೊತ್ತು, ಉಳಿದವರು ಅದರ ಅನುಮತಿ ಕೇಳಬೇಕು. ನೀವು ಯಾವುದರಲ್ಲಿದ್ದೀರಿ ಅಂತ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ, ವಿಂಡೋಯಿಂಗ್ ಸಿಸ್ಟಮ್ ಎಂದಿರುವಲ್ಲಿ ನೋಡಿ.

ಕಳಿಸೋ ಮುಂಚೆ

ಸ್ಕ್ರೀನ್‌ಶಾಟ್ ಪಿಎನ್‌ಜಿ ರೂಪದಲ್ಲಿರುತ್ತದೆ, ಒಂದು ಪಿಕ್ಸೆಲ್ಲೂ ಕಳೆದುಹೋಗಿರುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಅಕ್ಷರದ ಅಂಚು ಮಸುಕಾಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಪಾಸ್‌ವರ್ಡ್, ಫೋನ್ ನಂಬರ್, ಎಪಿಐ ಕೀ ಕಾಣ್ತಾ ಇದೆಯಾ ನೋಡಿ. ಇದ್ದರೆ ಬ್ಲರ್ ಮಾಡಿ ಸುಮ್ಮನಾಗಬೇಡಿ. ಮಸುಕಾದ ಅಕ್ಷರವನ್ನು ಕೆಲವೊಮ್ಮೆ ಮತ್ತೆ ಊಹಿಸಬಹುದು. ಮೇಲೆ ಗಟ್ಟಿ ಕಪ್ಪು ಚೌಕ ಎಳೆದುಬಿಡಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ.

ಕೊನೇ ಮಾತು: ಎರರ್ ಬಂದಾಗ ಸೀನಿಯರ್‌ಗೆ ಬರೀ ಚಿತ್ರ ಕಳಿಸಬೇಡಿ. ಟರ್ಮಿನಲ್‌ನಲ್ಲಿ ಅಕ್ಷರಗಳನ್ನು ಆರಿಸಿ ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿ ಕಾಪಿ ಮಾಡಿ ಕಳಿಸಿ. ಚಿತ್ರವನ್ನು ಅವರು ಗೂಗಲ್‌ಗೆ ಮತ್ತೆ ಟೈಪ್ ಮಾಡಬೇಕು. ಅಕ್ಷರವಾದರೆ ಪೇಸ್ಟ್ ಮಾಡಿದರೆ ಆಯ್ತು. ಉತ್ತರವೂ ಬೇಗ ಬರುತ್ತೆ, ಬೈಗುಳವೂ ಕಡಿಮೆ.